ಎರಡು ವರ್ಷ ದಾಟಿದರೂ ಮಾತು ಬಂದಿಲ್ಲ: ಕಾಯಬೇಕಾ, ಕಳಿಸಬೇಕಾ?

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ತೂಕ ನೋಡುವ ದಿನ ತಾಯಿ ಜೊತೆ ಬರುವ ಒಬ್ಬ ಹುಡುಗನಿಗೆ ಈಗ 2 ವರ್ಷ 3 ತಿಂಗಳು. ಅವ್ವ, ಮುತ್ಯಾ, ಚಾ, ಬಾ ಅಂತ ನಾಲ್ಕೈದು ಮಾತು ಬಿಟ್ಟರೆ ಬೇರೆ ಬರುವುದಿಲ್ಲ. ದವಾಖಾನೆಗೆ ತೋರಿಸಿ ಅಂದರೆ ಅವರ ಆಯಿ 'ಇವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು' ಅನ್ನುತ್ತಾರೆ. ತಾಯಿ ಸಿಟ್ಟಾಗುತ್ತಾಳೆ. ಪಕ್ಕದ ತಾಂಡಾದ ಇನ್ನೊಂದು ಹುಡುಗಿಗೆ ಮೂರೂವರೆ ವರ್ಷ. ಕೇಂದ್ರಕ್ಕೆ ಬಂದು ಎರಡು ತಿಂಗಳಾದರೂ ಬಾಯಿ ಬಿಟ್ಟಿಲ್ಲ. ಎಲ್ಲ ಮಕ್ಕಳಿಗೂ ಮಾತಿನ ತಪಾಸಣೆ ಮಾಡಬೇಕಾ? ನಾನು ತಪ್ಪು ಹೇಳಿ ಒಂದು ಮನೆಯವರನ್ನು ಸುಮ್ನೆ ಹೆದರಿಸಿದ ಹಾಗಾದರೆ?

ಉತ್ತರ: ಅಕ್ಕೋರೆ, ಮೊದಲು ಆ ಹುಡುಗನ ವಿಷಯ. ಅವನ ಕಿವಿ ಪರೀಕ್ಷೆ ಈ ತಿಂಗಳೇ ಆಗಲಿ. ಮಾತಿಗಾಗಿ ಸ್ವಲ್ಪ ಕಾಯಬಹುದು. ಕಿವಿ ತೋರಿಸದೆ ಕಾಯಬಾರದು. ಇಷ್ಟು ವರ್ಷದ ಕೆಲಸದಲ್ಲಿ ನಾನು ತಾಯಂದಿರಿಗೆ ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ ಇರಬೇಕು.

'ಕಿವಿ ಚೆನ್ನಾಗೇ ಕೇಳ್ತದ್ರಿ, ಹಿಂದೆ ನಿಂತು ತಾಟು ಬಡಿದರೆ ತಿರುಗಿ ನೋಡ್ತಾನ' ಅಂತ ಮನೆಯವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಮಗು ತಿರುಗಿರುತ್ತದೆ. ಆದರೆ ತಾಟಿನ ಸದ್ದು ಜೋರು. ಅರ್ಧಂಬರ್ಧ ಕೇಳುವ ಮಗುವಿಗೂ ಅದು ಕೇಳುತ್ತದೆ. ಕೆಲವು ಸಲ ನೆರಳು ಅಲುಗಿದ್ದಕ್ಕೋ ನೆಲ ಅದುರಿದ್ದಕ್ಕೋ ಮಗು ತಿರುಗುತ್ತದೆ. ಪಟಾಕಿ, ಲಾರಿ ಹಾರ್ನ್, ಬಾಗಿಲು ಬಡಿತ ಎಲ್ಲಾ ಹೀಗೇ. ಮಾತು ಕಲಿಯಲು ಬೇಕಾಗುವುದು ಇಂಥ ದೊಡ್ಡ ಸದ್ದಲ್ಲ. 'ಸ', 'ಶ', 'ತ', 'ಕ' ಇವೆಲ್ಲ ಬಹಳ ಮೆತ್ತಗಿನ ಸದ್ದುಗಳು. ಸ್ವಲ್ಪ ಕಿವಿ ಮಂದವಾಗಿದ್ದರೂ ಮೊದಲು ಕಳೆದುಹೋಗುವುದು ಇವೇ. ಅಂಥ ಮಗುವಿಗೆ ಹೆಸರು ಹಿಡಿದು ಕರೆದದ್ದು ಕೇಳುತ್ತದೆ, ಏನು ಹೇಳಿದರು ಅನ್ನುವುದು ಸರಿಯಾಗಿ ಕೇಳುವುದಿಲ್ಲ. ಮನೆಯವರು 'ಕೇಳಿದರೂ ಕೇಳಿಸದ ಹಾಗೆ ಇರ್ತಾನ, ಹಠಮಾರಿ' ಅನ್ನುತ್ತಾರೆ.

ನಮ್ಮ ಕಡೆ ಇನ್ನೆರಡು ಕಾರಣ ಸೇರಿಕೊಳ್ಳುತ್ತವೆ. ಒಂದು, ಸಂಬಂಧದಲ್ಲೇ ಮದುವೆ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟ ಮನೆಗಳಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳು ಹುಟ್ಟುವ ಸಾಧ್ಯತೆ ಜಾಸ್ತಿ. ಇನ್ನೊಂದು, ಪದೇ ಪದೇ ನೆಗಡಿಯಾಗಿ ಕಿವಿಪರದೆಯ ಹಿಂದೆ ನೀರು ನಿಲ್ಲುವುದು, ಕಿವಿ ಸೋರುವುದು. ಇದರಲ್ಲಿ ಕೇಳಿಸುವುದು ಒಂದು ವಾರ ಚೆನ್ನಾಗಿರುತ್ತದೆ, ಇನ್ನೊಂದು ವಾರ ಮಂದವಾಗಿರುತ್ತದೆ. ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಲು ಹೇಳಿ. ಹೆರಿಗೆಯಾದ ಮೇಲೆ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ, ಕಾಮಾಲೆ ಜೋರಾಗಿತ್ತಾ, ಮೆದುಳು ಜ್ವರ ಬಂದಿತ್ತಾ ಅಂತಲೂ ಕೇಳಿಕೊಳ್ಳಿ. ಯಾವುದಕ್ಕಾದರೂ ಹೌದು ಅಂದರೆ ಕಿವಿ ಪರೀಕ್ಷೆ ಇನ್ನೂ ಬೇಗ ಆಗಬೇಕು.

ಪರೀಕ್ಷೆ ಅಂದ ಕೂಡಲೇ ಸೂಜಿ ನೆನಪಾಗಿ ಹೆದರುವವರಿದ್ದಾರೆ. ಅವರಿಗೆ ಬಿಡಿಸಿ ಹೇಳಿ. ಮೊದಲು ಮಾಡುವುದು ಒಎಇ. ಮೆತ್ತಗಿನ ಸಣ್ಣ ರಬ್ಬರ್ ತುದಿಯನ್ನು ಕಿವಿಯ ಬಾಯಲ್ಲಿ ಇಟ್ಟು ಸಣ್ಣ ಸದ್ದು ಬಿಡುತ್ತಾರೆ. ಒಳಕಿವಿ ಸರಿಯಿದ್ದರೆ ಅದು ತಾನೂ ಒಂದು ಸಣ್ಣ ಸದ್ದು ವಾಪಸ್ ಕೊಡುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಅದರಲ್ಲಿ ಅನುಮಾನ ಬಂದರೆ ಬೆರಾ. ಹಣೆಗೆ, ಕಿವಿಯ ಹಿಂದೆ ಸಣ್ಣ ಬಿಲ್ಲೆ ಅಂಟಿಸಿ, ಮಗು ಮಲಗಿದ್ದಾಗ ಮಾಡುತ್ತಾರೆ. ಮಗು ಎಚ್ಚರವಾಗಿ ಒದ್ದಾಡಿದರೆ ಬೆರಾ ಆಗುವುದಿಲ್ಲ. ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದು, ದಾರಿಯಲ್ಲಿ ನಿದ್ದೆ ಮುಗಿಸಿದ ಮಗು ಇಲ್ಲಿ ಮಲಗುವುದೇ ಇಲ್ಲ. ಇಡೀ ದಿನ ಹಾಳಾಗಿ ಮನೆಯವರು ಮತ್ತೆ ಬರುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡದೆ ಕರೆದುಕೊಂಡು ಬರಲು ಹೇಳಿ. ಊಟ ಯಾವಾಗ ಕೊಡಬೇಕು, ನಿದ್ದೆಯ ಸಿರಪ್ ಕೊಡುತ್ತಾರಾ ಅನ್ನುವುದನ್ನು ದವಾಖಾನೆಯವರನ್ನೇ ಮೊದಲೇ ಕೇಳಿರಲಿ.

ಕಿವಿ ಆದ ಮೇಲೆ ನೋಡಬೇಕಾದ್ದು ತಿಳುವಳಿಕೆ. ಎಷ್ಟು ಮಾತಾಡುತ್ತಾನೆ ಅನ್ನುವುದಕ್ಕಿಂತ ಎಷ್ಟು ಅರ್ಥ ಮಾಡಿಕೊಳ್ಳುತ್ತಾನೆ ಅನ್ನುವುದು ನನಗೆ ಜಾಸ್ತಿ ಮುಖ್ಯ. ಇದನ್ನು ನೀವು ತೂಕದ ದಿನವೇ ಎರಡು ನಿಮಿಷದಲ್ಲಿ ನೋಡಬಹುದು. ಸಾಮಾನ್ಯವಾಗಿ ತಾಯಿ 'ಚಪ್ಪಲ್ ತಗೊಂಡು ಬಾ' ಅನ್ನುವಾಗ ಕೈ ಚಪ್ಪಲಿಯ ಕಡೆ ಹೋಗಿರುತ್ತದೆ, ಕಣ್ಣೂ ಅಲ್ಲೇ ಇರುತ್ತದೆ. ಅದೂ ಮನೆಗೆ ಹೊರಡುವ ಹೊತ್ತು. ಮಗು ಮಾತು ಕೇಳದಿದ್ದರೂ ಚಪ್ಪಲಿ ತರುತ್ತದೆ, ಯಾಕೆಂದರೆ ಅದು ಕೈಯನ್ನು ಓದಿದೆ. ನೀವು ಕೈ ಕಟ್ಟಿಕೊಂಡು, ಮಗುವಿನ ಮುಖ ಮಾತ್ರ ನೋಡುತ್ತಾ, ಹೊರಡುವ ಹೊತ್ತಲ್ಲದ ಹೊತ್ತಿನಲ್ಲಿ ಹೇಳಿ ನೋಡಿ. ಚಪ್ಪಲಿ, ಚೆಂಡು, ಲೋಟ ಮೂರೂ ಅಲ್ಲೇ ಇರಲಿ. 'ಲೋಟ ಕೊಡು' ಅಂದರೆ ಲೋಟವನ್ನೇ ಎತ್ತುತ್ತಾನಾ? 'ನಿನ್ನ ಮೂಗು ಎಲ್ಲಿದೆ' ಅಂದರೆ ತೋರಿಸುತ್ತಾನಾ? ಎರಡು ವರ್ಷ ದಾಟಿದ ಮಗು ಇಷ್ಟು ಮಾಡಬೇಕು. ಮಾಡದಿದ್ದರೆ ಅದು ಬರೀ ಮಾತು ತಡವಾದ ವಿಷಯವಲ್ಲ.

ಅದರ ಜೊತೆಗೆ ಬೆರಳು ನೋಡಿ. ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳು ಬೆರಳು ತೋರಿಸಿ ಕೇಳುತ್ತಾರೆ, ಅದು ಒಂದು. ಬೇಕಾದ್ದೇನೂ ಇಲ್ಲದಿದ್ದರೂ ಆಕಳನ್ನೋ ಟ್ರ್ಯಾಕ್ಟರನ್ನೋ ಬೆರಳಿಟ್ಟು ತೋರಿಸಿ, ತಿರುಗಿ ತಾಯಿಯ ಮುಖ ನೋಡುತ್ತಾರೆ, ಅದು ಇನ್ನೊಂದು. 'ನಾನು ನೋಡಿದ್ದನ್ನು ನೀನೂ ನೋಡು' ಅನ್ನುವ ಆ ಆಸೆಯೇ ಮಾತಿನ ಬೇರು. ಹೆಸರು ಕರೆದರೆ ತಿರುಗದೆ, ಕಣ್ಣಲ್ಲಿ ಕಣ್ಣಿಡದೆ, ಬೆರಳು ತೋರಿಸದೆ, ಬೇಕಾದ್ದಕ್ಕೆ ದೊಡ್ಡವರ ಕೈ ಹಿಡಿದು ಎಳೆದೊಯ್ಯುವ ಮಗುವಿಗೆ ಆಟಿಸಂ ತಪಾಸಣೆಯೂ ಬೇಕು. ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿ ಇದೆ, 16ರಿಂದ 30 ತಿಂಗಳ ಮಕ್ಕಳಿಗಾಗಿ ಮಾಡಿದ್ದು. ನಿಮ್ಮ ಹುಡುಗ 27 ತಿಂಗಳು, ಅಂದರೆ ಈಗಲೇ ಕೇಳಿಸುವುದು ಒಳ್ಳೆಯದು.

ಇನ್ನು ಮಾತಿನ ಲೆಕ್ಕ. ವರ್ಷದ ಹೊತ್ತಿಗೆ ಒಂದೋ ಎರಡೋ ಮಾತು, ಎರಡು ವರ್ಷಕ್ಕೆ ಸುಮಾರು 50 ಮಾತು, ಜೊತೆಗೆ 'ಅವ್ವ ಬಾ', 'ಚಾ ಬ್ಯಾಡ' ಅಂತ ಎರಡು ಸೇರಿಸುವುದು. ಮೂರಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು. ಎಣಿಸುವಾಗ ಕೈ ಬಿಗಿ ಮಾಡಬೇಡಿ. ನೀರಿಗೆ ಯಾವಾಗಲೂ 'ನೀ' ಅಂದರೆ ಅದೂ ಮಾತೇ. ಊಟಕ್ಕೆ 'ಬುವ್ವಾ' ಅಂದರೂ ಮಾತೇ. ಮೊಬೈಲ್ ನೋಡಿ 'ಎ ಬಿ ಸಿ ಡಿ, ಒನ್ ಟೂ ತ್ರೀ' ಅಂತ ಹಾಡುವುದನ್ನು ಮಾತ್ರ ಎಣಿಸಬೇಡಿ. ಇಪ್ಪತ್ತರವರೆಗೆ ಅಂಕಿ ಹೇಳಿ, ನೀರು ಬೇಕಾದಾಗ ಬರೀ ಅಳುವ ಮಕ್ಕಳು ಈಗ ಜಾಸ್ತಿ ಬರುತ್ತಿದ್ದಾರೆ. ಮನೆಯವರು ಅದನ್ನು ಬುದ್ಧಿವಂತಿಕೆ ಅಂದುಕೊಂಡಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ತುಂಬುವವರೆಗೆ ಪರದೆಯೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ.

ಆಯಿ ಹೇಳಿದ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಎರಡು ವರ್ಷಕ್ಕೆ ಮಾತು ಕಡಿಮೆಯಿದ್ದು, ಕಿವಿ ಸರಿಯಿದ್ದು, ಹೇಳಿದ್ದೆಲ್ಲ ಅರ್ಥವಾಗಿ, ಆಟ ಸನ್ನೆ ಎಲ್ಲ ಚೆನ್ನಾಗಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಶಾಲೆಗೆ ಹೋಗುವ ಹೊತ್ತಿಗೆ ಉಳಿದವರ ಸಮಕ್ಕೆ ಬರುತ್ತಾರೆ. ಅಂಥ ಮಕ್ಕಳನ್ನು ಆಯಿ ಕಣ್ಣಾರೆ ನೋಡಿದ್ದಾರೆ. ಆದರೆ ಯಾವ ಮಗು ತಾನಾಗೇ ಹಿಡಿದುಕೊಳ್ಳುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಅಂತ ಎರಡು ವರ್ಷಕ್ಕೇ ಖಚಿತವಾಗಿ ಹೇಳುವ ಪರೀಕ್ಷೆ ಯಾರ ಹತ್ತಿರವೂ ಇಲ್ಲ. ಇನ್ನೊಂದು ವಿಷಯ ಅವರಿಗೆ ಮೆಲ್ಲಗೆ ತಿಳಿಸಿ. ಅಪ್ಪನಿಗೂ ಮಾತು ತಡವಾಗಿತ್ತು ಅನ್ನುವುದನ್ನು ನಾವು ಧೈರ್ಯದ ಲೆಕ್ಕಕ್ಕೆ ಹಾಕುವುದಿಲ್ಲ, ಎಚ್ಚರಿಕೆಯ ಲೆಕ್ಕಕ್ಕೆ ಹಾಕುತ್ತೇವೆ. ಮನೆತನದಲ್ಲಿ ಇದ್ದರೆ ಮಗುವಿಗೂ ತೊಂದರೆ ಉಳಿಯುವ ಸಾಧ್ಯತೆ ಜಾಸ್ತಿ. ಅಪ್ಪ ಶಾಲೆಯಲ್ಲಿ ಓದು ಬರಹಕ್ಕೆ ಎಷ್ಟು ಕಷ್ಟಪಟ್ಟ ಅಂತ ಒಮ್ಮೆ ಕೇಳಿ ನೋಡಿ. ಕೆಲವು ಮನೆಗಳಲ್ಲಿ ಆಗ ಬೇರೆಯೇ ಕಥೆ ಹೊರಗೆ ಬರುತ್ತದೆ.

ಒಂದು ಲಕ್ಷಣಕ್ಕೆ ಮಾತ್ರ ಕಾಯುವ ಮಾತೇ ಇಲ್ಲ. ಬಂದ ಮಾತು ಹೋಗುವುದು. ಹತ್ತು ಮಾತಾಡುತ್ತಿದ್ದ ಮಗು ಆಡುವುದನ್ನು ಬಿಟ್ಟರೆ, ಯಾವ ವಯಸ್ಸಾದರೂ ಸರಿ, ಆ ವಾರವೇ ವೈದ್ಯರ ಹತ್ತಿರ.

ತಾಂಡಾದ ಹುಡುಗಿಯ ವಿಷಯ ಬೇರೆ. ನೀವು ಅವಳ ಕನ್ನಡ ಎಣಿಸುತ್ತಿದ್ದೀರಿ. ಅವಳ ಮನೆಯಲ್ಲಿ ಇರುವುದು ಲಂಬಾಣಿ. ಮೂರೂವರೆ ವರ್ಷ ಒಂದು ಭಾಷೆಯಲ್ಲಿ ಬೆಳೆದು, ಇನ್ನೊಂದು ಭಾಷೆಯ ಕೋಣೆಗೆ ಬಂದ ಮಗು ಕೆಲವು ತಿಂಗಳು ಸುಮ್ಮನೆ ಕೂತು ಕೇಳುವುದು ಸಹಜ. ಅವಳ ತಾಯಿಯನ್ನು ಕೇಳಿ: ಮನೆಯಲ್ಲಿ ತನ್ನ ಭಾಷೆಯಲ್ಲಿ ಉದ್ದುದ್ದ ಮಾತಾಡುತ್ತಾಳಾ, ಕೇಂದ್ರದಲ್ಲಿ ಆದದ್ದನ್ನು ಬಂದು ಹೇಳುತ್ತಾಳಾ, ಜಗಳ ಆಡುತ್ತಾಳಾ? ಹೌದು ಅಂದರೆ ಅವಳ ಮಾತಿಗೆ ಏನೂ ಆಗಿಲ್ಲ. ತಾಂಡಾದ ಇನ್ನೊಂದು ಮಗುವಿನ ಪಕ್ಕ ಕೂರಿಸಿ, ಲಂಬಾಣಿಯ ನಾಲ್ಕು ಮಾತು ನೀವೂ ಕಲಿತು ಆಡಿ. ಮನೆಯಲ್ಲೂ ಗೆಳೆಯರ ಜೊತೆಯೂ ಆಡುತ್ತಾಳೆ, ಕೇಂದ್ರದಲ್ಲಿ ಮಾತ್ರ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ ಅಂದರೆ ಆಗ ನಮ್ಮ ಹತ್ತಿರ ಕಳಿಸಿ. ಮನೆಯಲ್ಲೂ ಲಂಬಾಣಿಯಲ್ಲೂ ಮಾತು ಕಡಿಮೆಯಿದ್ದರೆ ಈಗಲೇ ಕಳಿಸಿ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ.

ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲಾ ಒಂದೇ ಓಣಿಯಲ್ಲಿ ಇರುತ್ತವೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಅನ್ನುವುದು ಸರಿಯಲ್ಲ. ಎರಡರಲ್ಲೂ ಬರುವ ಮಾತನ್ನು ಕೂಡಿಸಿ ಎಣಿಸಬೇಕು. ಮನೆಭಾಷೆ ಬಿಟ್ಟು ಬರೀ ಕನ್ನಡ ಆಡಿ, ಬರೀ ಇಂಗ್ಲಿಷ್ ಆಡಿ ಅಂತ ತಾಯಂದಿರಿಗೆ ಹೇಳುವವರನ್ನು ಕಂಡರೆ ನನಗೆ ಬಹಳ ನೋವಾಗುತ್ತದೆ. ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಮಗುವಿನ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ, ಅಲ್ವಾ?

ಎಲ್ಲ ಮಕ್ಕಳಿಗೂ ತಪಾಸಣೆ ಬೇಕಾ ಅಂತ ಕೇಳಿದ್ದೀರಿ. ಈ ಪ್ರಶ್ನೆಗೆ ಜಗತ್ತಿನಲ್ಲೇ ಒಂದು ಮಾತಿಲ್ಲ. ಅಮೆರಿಕದಲ್ಲಿ ಇಂಥ ತಪಾಸಣೆಗಳ ಬಗ್ಗೆ ಸಲಹೆ ಕೊಡುವ ತಜ್ಞರ ಸಮಿತಿಯೊಂದು 2015ರಲ್ಲಿ ಹೇಳಿದ್ದನ್ನೇ 2024ರಲ್ಲೂ ಹೇಳಿತು. ಯಾರಿಗೂ ಚಿಂತೆಯಿಲ್ಲದ, ಯಾವ ಲಕ್ಷಣವೂ ಇಲ್ಲದ 5 ವರ್ಷದೊಳಗಿನ ಮಕ್ಕಳಿಗೆಲ್ಲ ಮಾತಿನ ತಪಾಸಣೆ ಮಾಡುವುದರಿಂದ ಲಾಭವೋ ನಷ್ಟವೋ ಅಂತ ಹೇಳಲು ಸಾಕಷ್ಟು ಪುರಾವೆ ಇಲ್ಲ ಅಂತ. ಅದೇ ದೇಶದ ಮಕ್ಕಳ ವೈದ್ಯರ ಸಂಘ 9, 18, 30 ತಿಂಗಳಿಗೆ ಎಲ್ಲ ಮಕ್ಕಳ ಬೆಳವಣಿಗೆಯನ್ನೂ ನೋಡಿ ಅನ್ನುತ್ತದೆ. ಆದರೆ ಮೊದಲ ಸಮಿತಿ ಮಾತಾಡಿದ್ದು ಚಿಂತೆಯೇ ಇಲ್ಲದ ಮಕ್ಕಳ ಬಗ್ಗೆ. ನಿಮ್ಮ ಹುಡುಗನ ವಿಷಯದಲ್ಲಿ ಒಬ್ಬರಿಗೆ ಚಿಂತೆ ಬಂದಿದೆ, ಅದು ನೀವು. ಅಲ್ಲಿಗೆ ಆ ಚರ್ಚೆ ಅವನಿಗೆ ಅನ್ವಯಿಸುವುದಿಲ್ಲ, ಅವನನ್ನು ನೋಡಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಹಳ್ಳಿಗಳಲ್ಲಿ ಎಲ್ಲ ಮಕ್ಕಳನ್ನೂ ನೋಡಬೇಕು. ಇಲ್ಲಿ ಮಗುವಿಗೆ ತನ್ನದೇ ಅಂತ ಒಬ್ಬ ಮಕ್ಕಳ ವೈದ್ಯರು ಇರುವುದಿಲ್ಲ. ಆಶಾ ಅಕ್ಕ 3, 6, 9, 12, 15 ತಿಂಗಳಿಗೆ ಮನೆಗೆ ಹೋಗುತ್ತಾರೆ. 15 ತಿಂಗಳಾದ ಮೇಲೆ, 3 ವರ್ಷಕ್ಕೆ ಕೇಂದ್ರಕ್ಕೆ ಸೇರುವವರೆಗೆ, ಮಾತು ಮೊಳೆಯುವ ಆ ಹೊತ್ತಿನಲ್ಲಿ ತಿಂಗಳಿಗೊಮ್ಮೆ ಮಗುವನ್ನು ನೋಡುವವರು ನೀವೊಬ್ಬರೇ, ಅದೂ ತೂಕಕ್ಕೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂತ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಬೆಳವಣಿಗೆ ತಡವಾದದ್ದನ್ನು ನೋಡುವುದೂ ಅವರ ಕೆಲಸವೇ. ತಂಡ ಬರುವ ದಿನ ಎಲ್ಲ ಮಕ್ಕಳೂ ಸಾಲಿನಲ್ಲಿ ನಿಂತಿರುತ್ತಾರೆ, ಅಳುತ್ತಿರುತ್ತಾರೆ. ಅಲ್ಲಿ ಮಾತು ಕಡಿಮೆಯಿರುವ ಮಗು ಎದ್ದು ಕಾಣುವುದಿಲ್ಲ. ನೀವು ಮೊದಲೇ ಹೆಸರು ಬರೆದಿಟ್ಟು 'ಈ ಮಗುವನ್ನು ನಿಧಾನ ನೋಡಿ' ಅಂದರೆ ಆ ದಿನಕ್ಕೆ ಬೆಲೆ ಬರುತ್ತದೆ. ಪ್ರಶ್ನೆಪಟ್ಟಿ ಬೇಕಾದರೆ ಕೇರಳದಲ್ಲಿ ಮಾಡಿದ ಲೆಸ್ಟ್ ಇದೆ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದ್ದು, ನಮ್ಮ ದೇಶದ ಮಕ್ಕಳನ್ನೇ ನೋಡಿ ಮಾಡಿದ್ದು. ನಿಮ್ಮ ತಂಡದ ವೈದ್ಯರನ್ನು ಕೇಳಿ ನೋಡಿ.

ತಪ್ಪಾದರೆ ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ತಪಾಸಣೆ ಅಂದರೆ ಜರಡಿ ಹಿಡಿದ ಹಾಗೆ: ಒಳ್ಳೆಯ ಕಾಳೂ ಒಂದಷ್ಟು ಮೇಲೆ ಉಳಿಯುತ್ತದೆ, ಕಲ್ಲೂ ಒಂದೆರಡು ಕೆಳಗೆ ಜಾರುತ್ತದೆ. ಅದಕ್ಕೇ ತಪಾಸಣೆಯ ದಿನ ಯಾರೂ ಮಗುವಿಗೆ ಹೆಸರು ಕಟ್ಟಬಾರದು. 'ಮೂಗ', 'ಮಂದ', 'ಬುದ್ಧಿ ಕಡಿಮೆ' ಇವು ನಿಮ್ಮ ಬಾಯಲ್ಲೂ ಸಹಾಯಕಿಯ ಬಾಯಲ್ಲೂ ಬರಬಾರದು. ಸೊಸೆಗೆ ಮನೆಯಲ್ಲಿ 'ನಿನ್ನ ತವರಿನಿಂದ ಬಂದದ್ದು' ಅನ್ನುವ ಮಾತು ಕಾದಿರುತ್ತದೆ. ಆ ತಾಯಿಯ ಸಿಟ್ಟು ಬಂದದ್ದು ಅಲ್ಲಿಂದ ಇರಬಹುದು. ಹತ್ತು ಜನರ ಮುಂದೆ ಹೇಳಬೇಡಿ. ನೀವಾಗಿ ತೀರ್ಪು ಕೊಡುವ ಬದಲು ಅವಳನ್ನೇ ಕೇಳಿ: 'ಮನ್ಯಾಗ ಏನೇನ್ ಅಂತಾನವ್ವ? ಬೇಕಾದ್ರ ಹ್ಯಾಂಗ್ ಕೇಳ್ತಾನ?' ಅವಳು ಹೇಳುತ್ತಾ ಹೋದ ಹಾಗೆ ತಾನೇ ನಿಲ್ಲುತ್ತಾಳೆ. ಆಗ 'ಕಿವಿ ಒಂದ್ಸಲ ತೋರ್ಸೋಣ, ಸರಿ ಇದ್ರ ನಮಗೂ ಸಮಾಧಾನ' ಅನ್ನಿ. ಕಿವಿ ತೋರಿಸೋಣ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಆಯಿಯನ್ನು ಬಿಟ್ಟು ಹೋಗಬೇಡಿ, ಜೊತೆಗೇ ಕರೆದುಕೊಂಡು ಹೋಗಿ. ಆ ಮನೆಯಲ್ಲಿ ಮುಂದಿನ ಆರು ತಿಂಗಳು ಮಗುವಿನ ಜೊತೆ ಜಾಸ್ತಿ ಹೊತ್ತು ಇರುವವರು ಅವರೇ.

ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ನಾಲಿಗೆ ಕೆಳಗಿನ ದಾರ ಕತ್ತರಿಸುವುದು, ಇವುಗಳಿಂದ ಮಾತು ಬರುವುದಿಲ್ಲ. ನಾಲಿಗೆ ಅಂಟಿಕೊಂಡಿದ್ದರೆ ಕೆಲವು ಅಕ್ಷರ ತೊದಲಬಹುದು, ಮಾತೇ ಬಾರದೆ ಇರುವುದಕ್ಕೆ ಅದು ಕಾರಣವಲ್ಲ. ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವುದಂತೂ ಅಪಾಯ. ಹರಕೆ ಹೊತ್ತಿದ್ದರೆ ತೀರಿಸಲಿ, ಅದು ಅವರ ನಂಬಿಕೆ. ಜಾತ್ರೆ ಆಗಲಿ ಅಂತ ದವಾಖಾನೆಯ ತಾರೀಕು ಮುಂದೆ ಹಾಕುವುದು ಬೇಡ.

ಎಲ್ಲಿಗೆ ಹೋಗಬೇಕು ಅಂದರೆ, ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗ. ಆರ್‌ಬಿಎಸ್‌ಕೆ ತಂಡದ ಚೀಟಿ ತೆಗೆದುಕೊಂಡು ಹೋದರೆ ಬೆಳವಣಿಗೆ ತಡವಾದ ಮಕ್ಕಳನ್ನು ನೋಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ದಾರಿಯಾಗುತ್ತದೆ. ಬೆರಾ ಯಾವ ದಿನ ಮಾಡುತ್ತಾರೆ ಅಂತ ಮೊದಲು ವಿಚಾರಿಸಿ ಹೊರಡಿ, ಒಂದು ದಿನದ ಕೂಲಿ ಕಳೆದುಕೊಂಡು ಬರುವವರಿಗೆ ಅದು ಸಣ್ಣ ವಿಷಯವಲ್ಲ. ಇಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿ ಪೂರ್ತಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ, ಕೇಳಿಸುವಂತೆ ಮಾಡುವ ಸಾಧನ) ಮಾಡಿಸಲು ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ನೆರವು ಸಿಗುತ್ತದೆ. ಅದಕ್ಕೆ ವಯಸ್ಸಿನ ಮಿತಿ 5 ವರ್ಷ. 'ನಾಲ್ಕು ವರ್ಷದವರೆಗೆ ನೋಡೋಣ' ಅಂತ ಕೂತ ಮನೆಗಳು ಕಳೆದುಕೊಳ್ಳುವುದು ಇದನ್ನೇ.

ಹುಡುಗನ ಕಿವಿ ಸರಿಯಿದೆ, ತಿಳುವಳಿಕೆಯೂ ಚೆನ್ನಾಗಿದೆ ಅಂತ ಬಂದರೆ ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಅಷ್ಟರಲ್ಲಿ ಮನೆಯಲ್ಲಿ ಮಾಡುವುದು ಬಹಳ ಇದೆ. 'ಅವ್ವ ಅನ್ನು, ಅಪ್ಪ ಅನ್ನು' ಅಂತ ಬೆನ್ನು ಹತ್ತುವುದು ಬಿಡಬೇಕು. ತಾಯಿ ರೊಟ್ಟಿ ಬಡಿಯುವಾಗ ಅವನು ಎದುರಿಗೇ ಕೂತಿರುತ್ತಾನಲ್ಲ, ಆಗ ಮಾಡುವುದನ್ನೇ ಸಣ್ಣ ಸಣ್ಣ ಮಾತಲ್ಲಿ ಹೇಳುತ್ತಾ ಹೋಗಲಿ: 'ರೊಟ್ಟಿ ಬಡಿತೀನಿ. ತವಾ ಬಿಸಿ ಅದ. ಸುಡ್ತದ.' ಅವನು 'ಒಟ್ಟಿ' ಅಂದರೆ ತಿದ್ದದೆ 'ಹೂಂ, ಬಿಸಿ ರೊಟ್ಟಿ' ಅನ್ನಲಿ, ಅವನ ಮಾತಿಗೆ ತನ್ನದೊಂದು ಸೇರಿಸಲಿ. ರೊಟ್ಟಿಯ ಚೂರು ಕೈಯಲ್ಲಿ ಹಿಡಿದು, ಕೊಡುವ ಮೊದಲು ಮನಸ್ಸಲ್ಲಿ ಐದು ಎಣಿಸುವಷ್ಟು ಹೊತ್ತು ಅವನ ಮುಖ ನೋಡುತ್ತಾ ಕಾಯಲಿ. ಅವನು ಸದ್ದು ಮಾಡಿದರೂ ಸರಿ, ಕೈ ಚಾಚಿದರೂ ಸರಿ, ಕೊಟ್ಟುಬಿಡಲಿ. ಅಳಿಸಬಾರದು. ಕೇಳುವ ಮೊದಲೇ ಎಲ್ಲ ಬಾಯಿಗೆ ಬಂದರೆ ಮಗುವಿಗೆ ಮಾತಿನ ಅವಸರವೇ ಇರುವುದಿಲ್ಲ.

ಕೊನೆಗೆ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ತೊಗರಿ ರಾಶಿ ಮುಗಿದ ಮೇಲೆ ಈ ಮನೆಯವರು ಗುಳೆ ಹೋಗುವವರಾ ಅಂತ ಕೇಳಿ. ಪುಣೆಗೋ ಮುಂಬೈಗೋ ಬೆಂಗಳೂರಿಗೋ ಹೋದರೆ ತಂಡ ಬರುವ ದಿನ ಮಗು ಊರಲ್ಲೇ ಇರುವುದಿಲ್ಲ, ಮೂರು ತಿಂಗಳ ಮರುತಪಾಸಣೆಯೂ ತಪ್ಪುತ್ತದೆ. ಕಿವಿ ಪರೀಕ್ಷೆಯ ವರದಿಯ ಝೆರಾಕ್ಸ್ ಅನ್ನು ತಾಯಿ ಕಾರ್ಡಿನ ಒಳಗೆ ಅಂಟಿಸಿ, ಮುಂದಿನ ತಪಾಸಣೆಯ ತಿಂಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಆರ್‌ಬಿಎಸ್‌ಕೆ ದೇಶದ ಎಲ್ಲ ಕಡೆ ಇದೆ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆ ಕಾರ್ಡ್ ತೋರಿಸಬಹುದು. ತಂಡದವರು 'ಏನಿಲ್ಲ, ಸರಿಯಿದ್ದಾನೆ' ಅಂದ ಮೇಲೂ ನಿಮ್ಮ ಮನಸ್ಸು ಒಪ್ಪದಿದ್ದರೆ, ಮುಂದಿನ ತೂಕದ ದಿನ ಚಪ್ಪಲಿ, ಚೆಂಡು, ಲೋಟ ಇಟ್ಟು ಮತ್ತೆ ನೋಡಿ, ಮತ್ತೆ ಹೆಸರು ಬರೆಯಿರಿ, ಮತ್ತೆ ಕಳಿಸಿ.